ಒಂದೇ ಅಚ್ಚು, ಹತ್ತು ಅಳತೆ

ಅಪ್ಪನನ್ನೇ ಹೋಲುವ ಮಗನನ್ನು ಕಂಡರೆ 'ಅಚ್ಚಿನಲ್ಲಿ ಎರೆದ ಹಾಗಿದ್ದಾನೆ' ಎನ್ನುತ್ತೇವೆ. ಒಂದು ಅಚ್ಚಿನಿಂದ ಹೊರಬಂದದ್ದೆಲ್ಲ ಒಂದೇ ತೆರನಾಗಿರುತ್ತದೆ ಎಂಬ ನಂಬಿಕೆ ಆ ಮಾತಿನ ಬೆನ್ನಿಗಿದೆ. ಆದರೆ ಇಟ್ಟಿಗೆ ಕೊಯ್ಯುವವರನ್ನು ಕೇಳಿ ನೋಡಿ. ಒಂದೇ ಮರದ ಚೌಕಟ್ಟಿನಲ್ಲಿ ಕೊಯ್ದ ಇಟ್ಟಿಗೆಗಳು ಒಣಗಿ, ಸುಟ್ಟು ಗೂಡಿನಿಂದ ಈಚೆ ಬಂದಾಗ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುತ್ತದೆ. ಇಟ್ಟಿಗೆಯಾದರೆ ಚಿಂತೆಯಿಲ್ಲ, ನಡುವೆ ಬೀಳುವ ಗಾರೆ ಎಲ್ಲವನ್ನೂ ಸರಿದೂಗಿಸುತ್ತದೆ. ಕೂದಲೆಳೆಯ ಮೂರನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಲೆಕ್ಕಕ್ಕೆ ಇಡಬೇಕಾದ ಕಡೆ ಏನು ಗತಿ?

ಅಂಥದೊಂದು ಕೆಲಸ ಅಮೆರಿಕದ ಸಾವಿರಾರು ಮನೆಗಳ ಗ್ಯಾರೇಜುಗಳಲ್ಲಿ ನಡೆಯುತ್ತದೆ. ಗುರಿಕಾರಿಕೆಯ ಹವ್ಯಾಸವಿರುವವರು ಒಮ್ಮೆ ಹಾರಿಸಿದ ರೈಫಲ್ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆಯನ್ನು ಎಸೆಯುವುದಿಲ್ಲ. ಅದನ್ನು ಉಜ್ಜಿ, ಅಳತೆಗೆ ತಂದು, ಮತ್ತೆ ಬಳಸುತ್ತಾರೆ. ಕಾಡತೂಸಿನ ಬೆಲೆಯಲ್ಲಿ ದೊಡ್ಡ ಪಾಲು ಆ ಹಿತ್ತಾಳೆಯದೇ. ಉಳಿತಾಯ ಒಂದು ಕಾರಣವಾದರೆ, ತನ್ನ ರೈಫಲ್ಲಿಗೆ ಹೇಳಿ ಮಾಡಿಸಿದಂತಿರುವ ಕಾಡತೂಸು ಬೇಕೆಂಬುದು ಇನ್ನೊಂದು. ಓಹಾಯೋ ರಾಜ್ಯದ ಕ್ಯಾಂಪ್ ಪೆರಿಯಲ್ಲಿ 1907ರಿಂದ ನಡೆದುಬಂದಿರುವ ರಾಷ್ಟ್ರೀಯ ಗುರಿಕಾರಿಕೆ ಸ್ಪರ್ಧೆಗಳಲ್ಲಿ ಸಾವಿರ ಗಜ ದೂರದ ಗುರಿಯೂ ಉಂಟು. ಅಷ್ಟು ದೂರಕ್ಕೆ ಹೊಡೆಯುವವರಿಗೆ ಒಂದೊಂದು ಕಾಡತೂಸೂ ಇನ್ನೊಂದರಂತೆಯೇ ಇರಬೇಕು.

ನಮ್ಮ ದೇಶದಲ್ಲಿ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಎನ್‌ಸಿಸಿ ಶಿಬಿರದಲ್ಲಿ ಪಾಯಿಂಟ್ 22 ರೈಫಲ್ ಹಿಡಿದ ಮಕ್ಕಳು ಗುಂಡು ಹಾರಿಸಿದ ಮೇಲೆ ಹುಲ್ಲಿನಲ್ಲಿ ತಡಕಾಡಿ ಖಾಲಿ ಖೋಕಾಗಳನ್ನು ಎಣಿಸಿ ಒಪ್ಪಿಸುವುದು ಸುಮ್ಮನೆ ಅಲ್ಲ. ಇಲ್ಲಿ ಮದ್ದಿನ ಮಾತೇ ಬೇಡ. ಖಾಲಿ ಹಿತ್ತಾಳೆಯ ಮಾತು ಮಾತ್ರ ಸಾಕು. ಆ ಖಾಲಿ ಹಿತ್ತಾಳೆಯೊಳಗೆ ಪಿಯುಸಿ ಭೌತಶಾಸ್ತ್ರದ ಅರ್ಧ ಪುಸ್ತಕವೇ ಅಡಗಿದೆ.

ಹೂಜಿಯಂಥ ಕೊಳವೆ

ರೈಫಲ್ ಕಾಡತೂಸಿನ ಕೊಳವೆ ನೋಡುವುದಕ್ಕೆ ಉದ್ದನೆಯ ಹೂಜಿಯಂತೆ ಇರುತ್ತದೆ. ದಪ್ಪನೆಯ ತಳ, ನೇರವಾದ ಮೈ, ಒಳಕ್ಕೆ ಇಳಿಜಾರಾದ ಭುಜ, ಸಣ್ಣ ಕತ್ತು, ಬಾಯಿ. ಬಾಯಿಯಲ್ಲಿ ಗುಂಡು ಕೂರುತ್ತದೆ, ತಳದ ನಡುವಿನ ಕುಳಿಯಲ್ಲಿ ಕೇಪು ಕೂರುತ್ತದೆ. ಲೋಹ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತುವು ಬೆರೆತ ಹಿತ್ತಾಳೆ. ಈ ಪ್ರಮಾಣದ ಮಿಶ್ರಲೋಹಕ್ಕೆ ಇಂಗ್ಲಿಷಿನಲ್ಲಿ 'ಕಾರ್ಟ್ರಿಜ್ ಬ್ರಾಸ್' ಎಂದೇ ಹೆಸರು.

1952ರಲ್ಲಿ ಮಾರುಕಟ್ಟೆಗೆ ಬಂದ ಪಾಯಿಂಟ್ 308 ವಿಂಚೆಸ್ಟರ್ ಎಂಬ ಕಾಡತೂಸನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭಾರತೀಯ ಸೇನೆ ದಶಕಗಳ ಕಾಲ ಬಳಸಿದ ಎಸ್‌ಎಲ್‌ಆರ್ ರೈಫಲ್ಲಿನ 7.62 ಮಿಲಿಮೀಟರ್ ಕಾಡತೂಸು ಇದರ ಒಡಹುಟ್ಟು. ಗುಂಡು ಸಿಡಿಯುವ ಕ್ಷಣದಲ್ಲಿ ಈ ಕೊಳವೆಯೊಳಗಿನ ಒತ್ತಡ ಚದರ ಇಂಚಿಗೆ 62,000 ಪೌಂಡಿನವರೆಗೆ ಏರಬಹುದು. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡದ ಸುಮಾರು 2,000 ಪಟ್ಟು! ಹಿತ್ತಾಳೆ ಒಂದೇ ಅದನ್ನು ತಡೆಯಲಾರದು. ಕೊಳವೆ ಉಬ್ಬಿ ರೈಫಲ್ಲಿನ ಉಕ್ಕಿನ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ನುಗ್ಗದಂತೆ ಬಿರಡೆಯಾಗುತ್ತದೆ. ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಕುಗ್ಗದಿದ್ದರೆ ಹೊರಗೆ ಎಳೆಯುವುದೇ ಕಷ್ಟ. ಈ ಎರಡೂ ಗುಣ ಒಟ್ಟಿಗೆ ಇರುವ ಲೋಹ ಬೇಕೆಂದೇ ಹಿತ್ತಾಳೆಯನ್ನು ಆರಿಸಿದ್ದು.

ಹಾರಿಸಿದ ಮೇಲೆ ಕೊಳವೆ ತನ್ನ ಹುಟ್ಟಿನ ಅಳತೆಯಲ್ಲಿ ಉಳಿದಿರುವುದಿಲ್ಲ. ಮೈ ದಪ್ಪಗಾಗಿರುತ್ತದೆ, ಭುಜ ಮುಂದಕ್ಕೆ ಸರಿದಿರುತ್ತದೆ. ಅದನ್ನು ಹಿಂದಕ್ಕೆ ತರಲು ಒಂದು ಉಕ್ಕಿನ ಅಚ್ಚು ಉಂಟು, ಅದಕ್ಕೆ ಸೈಜಿಂಗ್ ಡೈ ಎನ್ನುತ್ತಾರೆ. ಮೇಜಿಗೆ ಬಿಗಿದ ಕೈ ಪ್ರೆಸ್ಸಿನ ಹಿಡಿಯನ್ನು ಎಳೆದರೆ, ಷೆಲ್ ಹೋಲ್ಡರ್ ಎಂಬ ಸಣ್ಣ ಹಿಡಿಕೆಯಲ್ಲಿ ಕೂತ ಕೊಳವೆ ಮೇಲೇರಿ ಡೈಯೊಳಗೆ ಹೋಗಿ ಹಿಂಡಿಸಿಕೊಂಡು ಬರುತ್ತದೆ.

ಮುಖ್ಯವಾದ ಅಳತೆ ತಳದಿಂದ ಭುಜದವರೆಗಿನದು. ಭುಜ ಇಳಿಜಾರಾದ್ದರಿಂದ 'ಎಲ್ಲಿಯವರೆಗೆ' ಎಂಬ ಪ್ರಶ್ನೆ ಏಳುತ್ತದೆ. ಪಾಯಿಂಟ್ 308ರಲ್ಲಿ ಭುಜದ ವ್ಯಾಸ ಸರಿಯಾಗಿ 0.400 ಇಂಚು ಇರುವ ಜಾಗದವರೆಗೆ ಎಂದು ನಿಗದಿಯಾಗಿದೆ. ನಿಗದಿ ಮಾಡಿದ್ದು 1926ರಲ್ಲಿ ಹುಟ್ಟಿದ, 'ಸಾಮಿ' ಎಂಬ ಚಿಕ್ಕ ಹೆಸರಿನ ಅಮೆರಿಕನ್ ತಯಾರಕರ ಸಂಸ್ಥೆ. ಅದರ ಪ್ರಕಾರ ರೈಫಲ್ಲಿನ ಚೇಂಬರಿನಲ್ಲಿ ಈ ಅಳತೆ 1.630ರಿಂದ 1.640 ಇಂಚು, ಕಾಡತೂಸಿನಲ್ಲಿ 1.627ರಿಂದ 1.634 ಇಂಚು. ಇಂಚಿನ ಸಾವಿರದ ಒಂದು ಭಾಗವೆಂದರೆ 0.0254 ಮಿಲಿಮೀಟರ್. ಹೈಸ್ಕೂಲಿನ ವರ್ನಿಯರ್ ಕ್ಯಾಲಿಪರ್ಸಿನ ಲೀಸ್ಟ್ ಕೌಂಟ್ 0.1 ಮಿಲಿಮೀಟರ್, ಅಂದರೆ ಇಂಚಿನ ಸಾವಿರದ ನಾಲ್ಕು ಭಾಗ. ಈ ಕಥೆಯಲ್ಲಿ ಬರುವ ತಕರಾರುಗಳಲ್ಲಿ ಹೆಚ್ಚಿನವು ಅದರ ಕಣ್ಣಿಗೇ ಬೀಳುವುದಿಲ್ಲ. ಸ್ಕ್ರೂಗೇಜಿನ ಕಣ್ಣಿಗೆ ಬೀಳುತ್ತವೆ.

ಹವ್ಯಾಸಿಯ ತಕರಾರು

ಹವ್ಯಾಸಿಯೊಬ್ಬ ತನ್ನ ಒಂದೇ ರೈಫಲ್ಲಿನಲ್ಲಿ ಹಾರಿಸಿದ ಹತ್ತು ಕೊಳವೆಗಳನ್ನು ತೆಗೆದುಕೊಂಡ ಎಂದಿಟ್ಟುಕೊಳ್ಳಿ. ಹಾರಿಸಿದ ಮೇಲೆ ಎಲ್ಲವೂ ಹೆಚ್ಚುಕಡಿಮೆ 1.632 ಇಂಚು. ಭುಜವನ್ನು ಸಾವಿರದ ಎರಡು ಭಾಗ ಹಿಂದಕ್ಕೆ ತಳ್ಳಿ 1.630ಕ್ಕೆ ತರಬೇಕು. ಡೈಯನ್ನು ಆ ಅಳತೆಗೆ ಕೂರಿಸಿ ಹತ್ತನ್ನೂ ಹಿಂಡಿದ. ಬಂದ ಅಳತೆಗಳು: 1.630, 1.629, 1.631, 1.630, 1.633, 1.628, 1.631, 1.630, 1.627, 1.632.

ಡೈ ಒಂದೇ, ಪ್ರೆಸ್ ಒಂದೇ, ಹಿಡಿ ಎಳೆದ ಕೈಯೂ ಒಂದೇ. ಅದರಲ್ಲೂ ಐದನೆಯದನ್ನು ನೋಡಿ. ಹಿಂಡುವ ಮೊದಲು 1.632 ಇದ್ದದ್ದು ಹಿಂಡಿದ ಮೇಲೆ 1.633 ಆಗಿದೆ. ಗಿಡ್ಡ ಮಾಡಲು ಹೋದರೆ ಉದ್ದ ಆಗಿದೆ!

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ಡೈಯ ಕಡೆಗೆ. 'ಸಾಲದು, ಇನ್ನೊಂದು ಎಳೆ ತಿರುಗಿಸಿ ಕೆಳಗಿಳಿಸೋಣ' ಎನಿಸುತ್ತದೆ. ಇಳಿಸಿದರೆ ಉದ್ದದವು ಸರಿಯಾಗುತ್ತವೆ ನಿಜ, ಆದರೆ ಮೊದಲೇ ಸರಿಯಿದ್ದವು ಗಿಡ್ಡವಾಗುತ್ತವೆ. ಇಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ. ಒಬ್ಬ ಬೌಲರಿನ ಆರೂ ಎಸೆತ ಲೆಗ್ ಸ್ಟಂಪಿನ ಹೊರಗೆ ಒಂದೇ ಜಾಗದಲ್ಲಿ ಬಿದ್ದರೆ ಅವನಿಗೆ 'ಸ್ವಲ್ಪ ಆಫ್ ಕಡೆಗೆ ಹಾಕು' ಎಂದರೆ ಸಾಕು. ಆರು ಎಸೆತ ಆರು ಕಡೆ ಬಿದ್ದರೆ ಆ ಮಾತಿನಿಂದ ಏನೂ ಆಗದು, ಅವನ ಓಟದಿಂದ ಹಿಡಿದು ಬೆರಳಿನವರೆಗೆ ನೋಡಬೇಕಾಗುತ್ತದೆ. ಡೈ ತಿರುಗಿಸುವುದು ಮೊದಲ ಕಾಯಿಲೆಗೆ ಮದ್ದು. ಹವ್ಯಾಸಿಗೆ ಬಂದಿರುವುದು ಎರಡನೆಯದು.

ಗಿಡ್ಡವಾದರೆ ಏನು ನಷ್ಟ ಎಂದು ಕೇಳಬಹುದು. ಉದ್ದವಾದರೆ ಅಪಾಯ ಕಡಿಮೆ, ರೈಫಲ್ಲಿನ ಬೋಲ್ಟ್ ಮುಚ್ಚುವುದೇ ಇಲ್ಲ, ಅಲ್ಲಿಗೆ ಗೊತ್ತಾಗಿಬಿಡುತ್ತದೆ. ಗಿಡ್ಡವಾದದ್ದು ಸದ್ದಿಲ್ಲದೆ ಒಳಗೆ ಕೂರುತ್ತದೆ. ಹೊಡೆತಕ್ಕೆ ಕೊಳವೆ ಮುಂದಕ್ಕೆ ಸರಿಯುತ್ತದೆ. ಒತ್ತಡ ಏರಿದಾಗ ಮುಂಭಾಗದ ತೆಳುವಾದ ಗೋಡೆ ಚೇಂಬರಿಗೆ ಕಚ್ಚಿಕೊಳ್ಳುತ್ತದೆ, ದಪ್ಪ ತಳ ಕಚ್ಚಿಕೊಳ್ಳದೆ ಹಿಂದಿನ ಬೋಲ್ಟಿನ ಕಡೆಗೆ ತಳ್ಳಲ್ಪಡುತ್ತದೆ. ಎರಡರ ನಡುವಿನ ಹಿತ್ತಾಳೆ ಜಗ್ಗುತ್ತದೆ. ಪ್ರತಿ ಸಲ ಹಿಂಡಿ ಹಾರಿಸಿದಾಗಲೂ ಅದೇ ಜಾಗದಲ್ಲಿ ಉಂಗುರದಂತೆ ತೆಳ್ಳಗಾಗುತ್ತ ಹೋಗಿ, ಒಂದು ದಿನ ತಳವೇ ಕಳಚಿಕೊಳ್ಳುತ್ತದೆ. ಆಗ ಆ ಅನಿಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ದಾರಿ ಹುಡುಕುತ್ತದೆ. ಗುರಿಕಾರರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದು ಬಿಸಿಲಿಗಾಗಿ ಅಲ್ಲ.

ಮೊದಲು ಅಳೆಯುವುದನ್ನೇ ಅನುಮಾನಿಸು

ಅನುಭವಿಗಳು ಮೊದಲು ಮುಟ್ಟುವುದು ಪ್ರೆಸ್ಸನ್ನಲ್ಲ, ಕ್ಯಾಲಿಪರ್ಸನ್ನು. ಹತ್ತು ಕೊಳವೆಗಳನ್ನು ಒಂದೊಂದು ಸಲ ಅಳೆಯುವ ಬದಲು ಒಂದೇ ಕೊಳವೆಯನ್ನು ಹತ್ತು ಸಲ ಅಳೆಯುತ್ತಾರೆ. ಪ್ರತಿ ಸಲ ತೆಗೆದು, ತಿರುಗಿಸಿ, ಮತ್ತೆ ಇಟ್ಟು. ಒಂದೇ ಕೊಳವೆ ಹತ್ತು ಸಲದಲ್ಲಿ ಸಾವಿರದ ಮೂರು ಭಾಗ ಆಚೀಚೆ ತೋರಿಸಿದರೆ, ಹತ್ತು ಕೊಳವೆಗಳ ನಡುವೆ ಕಂಡ ಮೂರು ಭಾಗದ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ರೋಗ ಹಿತ್ತಾಳೆಗಲ್ಲ, ಕೈಗೆ.

ಭುಜದ ಅಳತೆಗೆ ಕ್ಯಾಲಿಪರ್ಸಿನ ಒಂದು ದವಡೆಗೆ 0.400 ಇಂಚಿನ ತೂತಿರುವ ಬಿಲ್ಲೆಯೊಂದನ್ನು ಬಿಗಿಯುತ್ತಾರೆ. ಆ ತೂತು ಭುಜದ ಇಳಿಜಾರಿನ ಮೇಲೆ ಕೂರುತ್ತದೆ. ಕೊಳವೆ ಸ್ವಲ್ಪ ವಾಲಿ ಕೂತರೂ, ದವಡೆಯನ್ನು ಒಮ್ಮೆ ಮೆಲ್ಲಗೆ ಒಮ್ಮೆ ಬಿಗಿಯಾಗಿ ಒತ್ತಿದರೂ ಅಳತೆ ಬದಲಾಗುತ್ತದೆ. ಇನ್ನೊಂದು ಕಳ್ಳ ತಳದಲ್ಲಿ ಇದ್ದಾನೆ. ಹಾರಿಸಿದ ಕೇಪು ಕುಳಿಯಿಂದ ತುಸು ಹೊರಕ್ಕೆ ಚಾಚಿಕೊಂಡಿರಬಹುದು, ಅಥವಾ ಸೂಜಿ ಬಡಿದ ಗುಳಿಯ ಸುತ್ತ ಸಣ್ಣ ದಿಬ್ಬ ಎದ್ದಿರಬಹುದು. ಆಗ ದವಡೆ ಕೂರುವುದು ತಳದ ಮೇಲಲ್ಲ, ಕೇಪಿನ ದಿಬ್ಬದ ಮೇಲೆ. ಹಿಂಡುವ ಮೊದಲು ಕೇಪು ಇತ್ತು, ಹಿಂಡುವಾಗ ಡೈಯೊಳಗಿನ ಕಡ್ಡಿ ಅದನ್ನು ಹೊರದಬ್ಬಿತು. ಮೊದಲು ದಿಬ್ಬ ಸೇರಿಸಿ ಅಳೆದು, ಆಮೇಲೆ ದಿಬ್ಬವಿಲ್ಲದೆ ಅಳೆದರೆ ಎರಡನ್ನೂ ಹೋಲಿಸುವುದು ಹೇಗೆ? ಮೊದಲೇ ಕೇಪು ತೆಗೆದು ಅಳೆಯುವುದೇ ಪರಿಹಾರ. ಎಷ್ಟೋ ಜನರ ತಕರಾರು ಇಲ್ಲಿಗೇ ಮುಗಿದುಹೋಗುತ್ತದೆ.

ನಮ್ಮ ಪ್ರಯೋಗಾಲಯಗಳಲ್ಲಿ ಈ ಹಂತವೇ ಕಾಣೆಯಾಗಿದೆ ಎಂದರೆ ತಪ್ಪಾಗದು. ಶೂನ್ಯ ದೋಷ ನೋಡಿದಂತೆ ಮಾಡಿ, ಮೂರು ರೀಡಿಂಗ್ ತೆಗೆದು, ಮೂರೂ ಒಂದೇ ಬರುವಂತೆ ಹೊಂದಿಸಿ ರೆಕಾರ್ಡ್ ಪುಸ್ತಕಕ್ಕೆ ಏರಿಸುವುದು ವಾಡಿಕೆ. ಹೊಂದದ ರೀಡಿಂಗಿಗೆ ಅಂಕ ಕಡಿಮೆ ಎಂಬ ಭಯವನ್ನು ಮಕ್ಕಳಲ್ಲಿ ಹುಟ್ಟಿಸಿದವರು ಯಾರೆಂದು ಹಿರಿಯರು ತಮ್ಮನ್ನೇ ಕೇಳಿಕೊಳ್ಳಬೇಕು. ಗ್ಯಾರೇಜಿನ ಹವ್ಯಾಸಿಗೆ ಹೊಂದಿಸಿ ಬರೆಯುವ ಅನುಕೂಲವಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಅವನಿಗೆ ಉತ್ತರವೂ ಇಲ್ಲ.

ಉದ್ದವಾದ ಐದನೆಯದು

ಅಳೆಯುವುದು ಸರಿಯಿದ್ದೂ ಚದುರುವಿಕೆ ಉಳಿದರೆ ಮುಂದಿನ ಅನುಮಾನ ಎಣ್ಣೆಯ ಮೇಲೆ. ಹಿಂಡುವ ಮೊದಲು ಕೊಳವೆಯ ಮೈಗೆ ಮೇಣದಂಥ ಜಿಡ್ಡು ಸವರಬೇಕು, ಇಲ್ಲದಿದ್ದರೆ ಡೈಯೊಳಗೆ ಕಚ್ಚಿಕೊಂಡುಬಿಡುತ್ತದೆ. ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಸವರಿದರೆ ಘರ್ಷಣೆ ಬದಲಾಗುತ್ತದೆ. ಬದಲಾದರೆ ಏನಂತೆ, ಹಿಡಿಯನ್ನು ಕೊನೆಯವರೆಗೆ ಎಳೆದಿಲ್ಲವೆ ಎನ್ನಬಹುದು. ಇಲ್ಲೇ ಇರುವುದು ಸ್ವಾರಸ್ಯ. ಎರಕದ ಪ್ರೆಸ್ಸು ಎಷ್ಟೇ ಗಟ್ಟಿಯಾಗಿ ಕಂಡರೂ ಅದೂ ಹುಕ್‌ನ ನಿಯಮಕ್ಕೆ ತಲೆಬಾಗಲೇಬೇಕು. ಹೊರೆ ಬಿದ್ದಷ್ಟೂ ಅದರ ಚೌಕಟ್ಟು ಬಾಯಿ ತೆರೆಯುತ್ತದೆ, ಕೀಲುಗಳ ಸಡಿಲ ಬಿಗಿಯಾಗುತ್ತದೆ. ಹೆಚ್ಚು ಘರ್ಷಣೆಯಿದ್ದ ಕೊಳವೆ ಪ್ರೆಸ್ಸನ್ನು ಹೆಚ್ಚು ಹಿಗ್ಗಿಸುತ್ತದೆ, ತಾನು ಅಷ್ಟು ಕಡಿಮೆ ಒಳಗೆ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಕೊಳವೆ ಇಡದೆ ಹಿಡಿ ಎಳೆದರೆ ಷೆಲ್ ಹೋಲ್ಡರ್ ಮೇಲೇರಿ ಡೈಯ ಬಾಯಿಗೆ ಸರಿಯಾಗಿ ತಗಲುತ್ತದೆ. ಕೊಳವೆ ಇಟ್ಟು ಎಳೆದು, ಹಿಂದೆ ಒಂದು ದೀಪ ಹಿಡಿದರೆ ಎರಡರ ನಡುವೆ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಆ ಗೆರೆ ಒಂದು ಕೊಳವೆಗೆ ದಪ್ಪ, ಇನ್ನೊಂದಕ್ಕೆ ಸಪೂರ.

ಐದನೆಯ ಕೊಳವೆ ಉದ್ದವಾದ ಗುಟ್ಟೂ ಇಲ್ಲೇ ಇದೆ. ಕೋಡುಬಳೆ ಮಾಡುವಾಗ ಹಿಟ್ಟಿನ ಉಂಡೆಯನ್ನು ಮಣೆಯ ಮೇಲೆ ಅಂಗೈಯಿಂದ ಹೊಸೆದರೆ ಏನಾಗುತ್ತದೆ? ದಪ್ಪ ಕಡಿಮೆಯಾದಂತೆ ಉದ್ದ ಬೆಳೆಯುತ್ತದೆ. ಹಿಟ್ಟು ಎಲ್ಲಿಗೆ ಹೋಗಬೇಕು? ಡೈಯೊಳಗೆ ಕೊಳವೆ ನುಗ್ಗುವಾಗ ಮೊದಲು ಹಿಂಡಿಸಿಕೊಳ್ಳುವುದು ಅದರ ಮೈ. ಮೈ ಸಪೂರವಾದಂತೆ ಹಿತ್ತಾಳೆ ಮುಂದಕ್ಕೆ ಹರಿದು ಭುಜವನ್ನು ಮುಂದಕ್ಕೆ ದೂಡುತ್ತದೆ. ಕಟ್ಟಕಡೆಯಲ್ಲಿ ಮಾತ್ರ ಡೈಯ ಭುಜ ಕೊಳವೆಯ ಭುಜಕ್ಕೆ ತಗಲಿ ಹಿಂದಕ್ಕೆ ತಳ್ಳುತ್ತದೆ. ಆ ಕೊನೆಯ ಎಳೆಯಷ್ಟು ದೂರ ಹೋಗದೆ ಉಳಿದ ಕೊಳವೆ, ಏನೂ ಮಾಡದೆ ಬಿಟ್ಟಿದ್ದರೆ ಇರುತ್ತಿದ್ದುದಕ್ಕಿಂತ ಉದ್ದವಾಗಿರುತ್ತದೆ. ಅರ್ಧ ಮಾಡಿದ ಕೆಲಸ ಮಾಡದ್ದಕ್ಕಿಂತ ಕೆಟ್ಟದ್ದಾಗುವ ಅಪರೂಪದ ಪ್ರಸಂಗ ಇದು.

ಎಲ್ಲಕ್ಕೂ ಸಮನಾಗಿ ಜಿಡ್ಡು ಸವರಬೇಕು. ಜಾಸ್ತಿ ಸುರಿದರೆ ಅದೂ ತೊಂದರೆಯೇ. ಎಣ್ಣೆಯನ್ನು ಹಿಂಡಿ ಕುಗ್ಗಿಸಲು ಆಗದಾದ್ದರಿಂದ ಭುಜದ ಬಳಿ ಸಿಕ್ಕಿಕೊಂಡ ಎಣ್ಣೆ ಹಿತ್ತಾಳೆಯಲ್ಲಿ ಗುಳಿ ಬೀಳಿಸುತ್ತದೆ. ಕಾರಿನ ಬ್ರೇಕಿನಲ್ಲಿ ಕೆಲಸಕ್ಕೆ ಬರುವ ಪ್ಯಾಸ್ಕಲನ ನಿಯಮ ಇಲ್ಲಿ ಕೆಲಸ ಕೆಡಿಸುತ್ತದೆ.

ಕತ್ತಿನ ಒಳಗಿನ ಜಿಡ್ಡನ್ನು ಮರೆಯುವವರೂ ಉಂಟು. ಡೈಯೊಳಗಿನ ಕಡ್ಡಿಗೆ ಒಂದು ಉಕ್ಕಿನ ಗುಂಡಿ ಇರುತ್ತದೆ. ಕೊಳವೆ ಕೆಳಗಿಳಿಯುವಾಗ ಅದು ಕತ್ತಿನ ಒಳಗಿನಿಂದ ಹಾದು ಹೊರಬಂದು ಕತ್ತಿನ ಒಳ ಅಳತೆಯನ್ನು ಸರಿಮಾಡಬೇಕು. ಒಳಗೆ ಒಣಗಿದ್ದರೆ ಕಿರ್ರೆಂದು ಕಚ್ಚಿ ಕತ್ತನ್ನೂ ಅದರೊಡನೆ ಭುಜವನ್ನೂ ಮೇಲಕ್ಕೆ ಜಗ್ಗುತ್ತದೆ. ಈಗಷ್ಟೇ ಹಿಂದಕ್ಕೆ ತಳ್ಳಿದ ಭುಜ ಮತ್ತೆ ಮುಂದಕ್ಕೆ. ಪರೀಕ್ಷೆ ಸುಲಭ: ಕಡ್ಡಿಯನ್ನು ಕಳಚಿಟ್ಟು ಐದು ಕೊಳವೆ ಹಿಂಡಿ ನೋಡುವುದು. ಅಳತೆಗಳು ಒಟ್ಟುಗೂಡಿದರೆ ಅಪರಾಧಿ ಸಿಕ್ಕಂತೆ. ಆದರೆ ಅದೇ ಹೊತ್ತಿನಲ್ಲಿ ಜಿಡ್ಡನ್ನೂ ಬದಲಿಸಿ, ಡೈಯನ್ನೂ ತಿರುಗಿಸಿದರೆ ಯಾವುದರಿಂದ ಸರಿಹೋಯಿತೆಂದು ಹೇಳುವವರು ಯಾರು? ಒಂದು ಸಲಕ್ಕೆ ಒಂದನ್ನೇ ಬದಲಿಸುವ ತಾಳ್ಮೆ ಈ ಕೆಲಸದಲ್ಲಿ ಉಪಕರಣಕ್ಕಿಂತ ದುಬಾರಿ.

ಹಿತ್ತಾಳೆಯ ನೆನಪು

ಇಷ್ಟಾದರೂ ಬಗ್ಗದ ವ್ಯತ್ಯಾಸ ಲೋಹದೊಳಗಿನದು. ಸಣ್ಣದೊಂದು ಪ್ರಯೋಗ ಮನೆಯಲ್ಲೇ ಮಾಡಬಹುದು. ವಿದ್ಯುತ್ ಕೆಲಸದವರು ಬಿಸಾಡಿದ ತಾಮ್ರದ ತಂತಿಯ ತುಂಡೊಂದನ್ನು ಮೇಜಿನ ಅಂಚಿಗೆ ಒತ್ತಿ ಸರಿಯಾಗಿ ಲಂಬಕೋನಕ್ಕೆ ಬಗ್ಗಿಸಿ ಕೈಬಿಡಿ. ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಈಗ ಅಂಥದೇ ತುಂಡೊಂದನ್ನು ಹತ್ತಿಪ್ಪತ್ತು ಸಲ ಹುರಿಮಾಡಿ ಆಮೇಲೆ ಬಗ್ಗಿಸಿ. ಬಗ್ಗಿಸಲು ಹೆಚ್ಚು ಬಲ ಬೇಕು, ಬಿಟ್ಟಾಗ ಹೆಚ್ಚು ಬಿಚ್ಚಿಕೊಳ್ಳುತ್ತದೆ. ಲೋಹ ಪೆಟ್ಟು ತಿಂದಷ್ಟೂ ಗಡುಸಾಗುತ್ತದೆ. ಅದರ ಹರಳುಗಳೊಳಗೆ ಪದರಗಳು ಜಾರಿ ಜಾರಿ ಒಂದಕ್ಕೊಂದು ಸಿಕ್ಕುಹಾಕಿಕೊಳ್ಳುವುದೇ ಇದಕ್ಕೆ ಕಾರಣ.

ಹಿತ್ತಾಳೆಯ ಲೆಕ್ಕವನ್ನು ಅಂಕಿಗಳಲ್ಲೇ ನೋಡೋಣ. ಅದರ ಯಂಗ್ ಗುಣಾಂಕ ಸುಮಾರು 110 ಗಿಗಾಪಾಸ್ಕಲ್. ಮೆದುವಾಗಿರಲಿ ಗಡುಸಾಗಿರಲಿ ಇದು ಹೆಚ್ಚು ಬದಲಾಗದು. ಬದಲಾಗುವುದು ಲೋಹ ಸೋತು ಶಾಶ್ವತವಾಗಿ ಬಗ್ಗುವ ಒತ್ತಡ. ಮೆದು ಹಿತ್ತಾಳೆಗೆ ಅದು ಸುಮಾರು 110 ಮೆಗಾಪಾಸ್ಕಲ್ ಎಂದುಕೊಂಡರೆ ಗಡುಸಾದದ್ದಕ್ಕೆ 400ರ ಆಸುಪಾಸು. ಒತ್ತಡವನ್ನು ಗುಣಾಂಕದಿಂದ ಭಾಗಿಸಿದರೆ ಹಿಂದಕ್ಕೆ ಪುಟಿಯುವ ಪ್ರಮಾಣ ಸಿಗುತ್ತದೆ: ಮೆದುವಿಗೆ ಸಾವಿರಕ್ಕೆ 1, ಗಡುಸಿಗೆ ಸಾವಿರಕ್ಕೆ 3.6. ಭುಜದ ವ್ಯಾಸ ಸುಮಾರು 10 ಮಿಲಿಮೀಟರ್. ಡೈಯಿಂದ ಹೊರಬಂದ ಕೂಡಲೇ ಒಂದು 0.010 ಮಿಲಿಮೀಟರ್ ಹಿಗ್ಗಿದರೆ ಇನ್ನೊಂದು 0.036 ಹಿಗ್ಗುತ್ತದೆ. ವ್ಯತ್ಯಾಸ 0.026, ಅಂದರೆ ಹೆಚ್ಚುಕಡಿಮೆ ಇಂಚಿನ ಸಾವಿರದ ಒಂದು ಭಾಗ. ಇದು ಅಡ್ಡಳತೆಯಲ್ಲಿ. ಈ ಕಾಡತೂಸಿನ ಭುಜದ ಇಳಿಜಾರು 20 ಡಿಗ್ರಿ. ವ್ಯಾಸದ ಅರ್ಧವನ್ನು ಟ್ಯಾನ್ 20ರಿಂದ, ಅಂದರೆ 0.364ರಿಂದ ಭಾಗಿಸಿದರೆ ಉದ್ದದ ಅಳತೆಯಲ್ಲಿ ಅದು ಸಾವಿರದ 1.4 ಭಾಗವಾಗಿ ಕಾಣುತ್ತದೆ. ಇದು ಸ್ಥೂಲ ಲೆಕ್ಕ, ಆದರೂ ತಕರಾರಿನ ಗಾತ್ರಕ್ಕೆ ಸರಿಹೊಂದುತ್ತದೆ. ಡೈ ತಪ್ಪು ಮಾಡಿಲ್ಲ. ಎರಡಕ್ಕೂ ಒಂದೇ ಆಕಾರ ಕೊಟ್ಟಿತ್ತು. ಕೈಬಿಟ್ಟ ಮೇಲೆ ಅವು ಬೇರೆ ಬೇರೆ ದಾರಿ ಹಿಡಿದವು.

ಆದ್ದರಿಂದ ಒಂದು ಸಲ ಹಾರಿಸಿದ್ದು, ಐದು ಸಲ ಹಾರಿಸಿದ್ದು, ಬೇರೆ ಕಾರ್ಖಾನೆಯ ದಪ್ಪ ಗೋಡೆಯದು, ಇವನ್ನೆಲ್ಲ ಒಂದೇ ಡಬ್ಬಿಯಲ್ಲಿ ಕಲಸಿಟ್ಟವನಿಗೆ ಅಳತೆ ಒಂದಾಗುವುದಿಲ್ಲ. ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಎಷ್ಟು ಸಲ ಹಾರಿಸಿದ್ದೆಂದು ಬರೆದು ಬೇರೆ ಬೇರೆ ಇಡುವವನಿಗೆ ಅರ್ಧ ಕೆಲಸ ಮುಗಿದಂತೆ.

ಗಡುಸಾದದ್ದನ್ನು ಮೆದು ಮಾಡುವ ಉಪಾಯ ನಮ್ಮ ಕಂಚುಗಾರರಿಗೆ ಹೊಸದಲ್ಲ. ಹಿತ್ತಾಳೆಯ ತಂಬಿಗೆಯನ್ನು ಬಡಿಯುತ್ತ ಬಡಿಯುತ್ತ, ಸುತ್ತಿಗೆಯ ಸದ್ದು ಬದಲಾದಾಗ, ಅವರು ಅದನ್ನು ಕೆಂಡದಲ್ಲಿ ಕಾಯಿಸಿ ತೆಗೆದು ಮತ್ತೆ ಬಡಿಯುತ್ತಾರೆ. ಕಾಯಿಸದೆ ಬಡಿದರೆ ಅಂಚು ಸೀಳುತ್ತದೆ. ಶಾಖಕ್ಕೆ ಹಳೆಯ ಸಿಕ್ಕುಗಳು ಬಿಚ್ಚಿಕೊಂಡು ಹೊಸ ಹರಳುಗಳು ಹುಟ್ಟುತ್ತವೆ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ ಎಂಬುದು ಕಮ್ಮಾರನ ಪಾಠ. ಹಿತ್ತಾಳೆಗೆ ಆ ಪಾಠ ಸಲ್ಲದು, ನೀರಿಗೆ ಅದ್ದಿದರೂ ಗಾಳಿಯಲ್ಲಿ ಆರಿಸಿದರೂ ಅದು ಮೆದುವೇ. ಸೇನೆಯ ಕಾಡತೂಸುಗಳ ಕತ್ತಿನ ಬಳಿ ನೀಲಿ-ಕಂದು ಕಲೆ ಕಾಣುವುದುಂಟು. ಕಾರ್ಖಾನೆಯಲ್ಲಿ ಕತ್ತು, ಭುಜಗಳನ್ನು ಹೀಗೆ ಕಾಯಿಸಿದ ಗುರುತು ಅದು. ಹವ್ಯಾಸಿಗಳೂ ಕತ್ತನ್ನಷ್ಟೇ ಕಾಯಿಸುತ್ತಾರೆ. ತಳವನ್ನು ಎಂದಿಗೂ ಕಾಯಿಸಬಾರದು. ಅಷ್ಟೊಂದು ಒತ್ತಡ ತಡೆಯಲು ಅದು ಗಡುಸಾಗಿಯೇ ಇರಬೇಕು.

ಲೋಹದೊಳಗೆ ಉಳಿದ ಬಿಗುವು ಎಂಥ ಆಟ ಆಡಬಲ್ಲದೆಂಬುದಕ್ಕೆ ಭಾರತದ ನೆಲದಲ್ಲೇ ನಡೆದ ಒಂದು ಪ್ರಸಂಗವಿದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಕಳೆಯುವವರೆಗೆ ಸೇನೆಯ ಕಾಡತೂಸುಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತು ತೆಗೆದು ನೋಡಿದರೆ, ಯಾರೂ ಮುಟ್ಟದೆ ಹಾಗೇ ಇದ್ದ ಕೊಳವೆಗಳ ಬಾಯಿಯ ಬಳಿ ಬಿರುಕು! ಋತುವಿಗೆ ತಕ್ಕಂತೆ ಬರುವ ಬಿರುಕು ಎಂದು 'ಸೀಸನ್ ಕ್ರ್ಯಾಕಿಂಗ್' ಎಂದೇ ಅದಕ್ಕೆ ಹೆಸರು ಬಿತ್ತು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು 1921ರಲ್ಲಿ ಕಾರಣ ವಿವರಿಸಿದರು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ, ತೇವ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದುಹೋದ ಬಿಗುವು ಇವೆಲ್ಲ ಒಟ್ಟು ಸೇರಿದಾಗ ಬಿರುಕು. ಇಂದಿಗೂ ತಿಳಿದ ಹವ್ಯಾಸಿ ಅಮೋನಿಯ ಬೆರೆತ ಪಾಲಿಷನ್ನು ಕೊಳವೆಗಳ ಹತ್ತಿರ ಸುಳಿಯಗೊಡುವುದಿಲ್ಲ. ನಮ್ಮ ಅಜ್ಜಿಯರು ದೇವರ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಆ ಲೆಕ್ಕದಲ್ಲಿ ಎಷ್ಟೋ ಮೇಲು.

ಈಗ ಮತ್ತೆ ಆ ಹತ್ತು ಕೊಳವೆಗಳಿಗೆ ಬರೋಣ. ಕೇಪು ತೆಗೆದು ಅಳೆದು, ಒಂದೇ ವಯಸ್ಸಿನವನ್ನು ಆರಿಸಿ, ಕತ್ತು ಕಾಯಿಸಿ, ಒಳಗೂ ಹೊರಗೂ ಸಮನಾಗಿ ಜಿಡ್ಡು ಸವರಿ ಹಿಂಡಿದರೆ ಸಾವಿರದ ಆರು ಭಾಗ ಚದುರಿದ್ದ ಅಳತೆ ಒಂದೆರಡು ಭಾಗದೊಳಗೆ ಕೂಡಿಬರುತ್ತದೆ. ಡೈಯನ್ನು ತಿರುಗಿಸುವ ಕಾಲ ಈಗ ಬಂತು. ಸರಾಸರಿ ಎಲ್ಲಿದೆ ನೋಡಿ, ಅಷ್ಟು ಮಾತ್ರ. ಸೊನ್ನೆ ವ್ಯತ್ಯಾಸ ಯಾರಿಗೂ ಸಿಗುವುದಿಲ್ಲ. ಒಂದೇ ಕೊಳವೆಯನ್ನು ಹತ್ತು ಸಲ ಅಳೆದಾಗಲೇ ಅರ್ಧ, ಒಂದು ಭಾಗ ಆಚೀಚೆ ಆಗುವಾಗ ಅದಕ್ಕಿಂತ ಒಳ್ಳೆಯ ಉತ್ತರ ಕೇಳುವುದೂ ಸರಿಯಲ್ಲ.

ಮೊದಲ ಸರದಿಯಲ್ಲಿ 1.627ಕ್ಕೆ ಗಿಡ್ಡವಾಗಿದ್ದ ಒಂಬತ್ತನೆಯದನ್ನು ಮಾತ್ರ ಬೇರೆ ತೆಗೆದಿಡುತ್ತಾರೆ. ಒಂದು ಗಟ್ಟಿ ತಂತಿಯ ತುದಿಯನ್ನು ಚೂಪು ಮಾಡಿ, ಕೊಕ್ಕೆಯಂತೆ ಬಗ್ಗಿಸಿ, ಕೊಳವೆಯ ಬಾಯಿಯಿಂದ ಇಳಿಬಿಟ್ಟು ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆ ಮೆಲ್ಲಗೆ ಎಳೆಯುತ್ತಾರೆ. ಗೋಡೆ ನಯವಾಗಿದ್ದರೆ ಸರಿ. ತಳದಿಂದ ಸ್ವಲ್ಪ ಮೇಲೆ ತಂತಿಯ ತುದಿ ಸಣ್ಣ ಹಳ್ಳಕ್ಕೆ ಬಿದ್ದಂತೆ ಬೆರಳಿಗೆ ತಿಳಿದರೆ ಉಂಗುರದಂತೆ ಹಿತ್ತಾಳೆ ತೆಳ್ಳಗಾಗಿದೆ ಎಂದರ್ಥ. ಆಗ ಅದರ ಅಳತೆಯನ್ನು ಯಾರೂ ಮತ್ತೆ ನೋಡುವುದಿಲ್ಲ. ಬೇರೆಯವರ ಕೈಗೂ ಸಿಗದಂತೆ ಬಾಯಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕುತ್ತಾರೆ.